ಕಪಾಟಿಗೊಂದು ರೈಫಲ್, ಕಾಡಿಗೊಂದು ರೈಫಲ್: ಹಳೆಯ ಬೇಟೆ ರೈಫಲ್ ಆರಿಸುವಾಗ ನನ್ನ ಅನುಭವ

ಹಳೆಯ ಬೇಟೆ ರೈಫಲ್ ಕೈಗೆ ಬಂದರೆ, ಛೇಂಬರ್ (ತೋಟಾ ಕೂರುವ ಗೂಡು) ಖಾಲಿಯಿದೆ ಎಂದು ಖಾತ್ರಿ ಮಾಡಿಕೊಂಡು, ನಾನು ಮೊದಲು ನೋಡುವುದು ಸ್ಕ್ರೂಗಳ ತಲೆ. ಸೀಳು ಕಿತ್ತುಹೋಗಿದ್ದರೆ ಹೊಂದದ ಸ್ಕ್ರೂಡ್ರೈವರ್ ಹಿಡಿದವರು ಯಾರೋ ಒಳಗೆ ಕೈಯಾಡಿಸಿದ್ದಾರೆ. ಆಮೇಲೆ ಅಕ್ಷರಗಳು. ನಳಿಗೆಯ ಮೇಲಿನ ಕೆತ್ತನೆಯ ಅಂಚು ಬೆರಳಿಗೆ ಚುರುಕಾಗಿ ತಾಗಬೇಕು. ಮೊಂಡಾಗಿದ್ದರೆ, ಸ್ಕ್ರೂ ತೂತಿನ ಬಾಯಿ ತಟ್ಟೆಯಂತೆ ತಗ್ಗಿದ್ದರೆ, ರಿಸೀವರ್‌ನ (ನಳಿಗೆಯ ಹಿಂದಿನ ಲೋಹದ ಒಡಲು) ಮೂಲೆ ದುಂಡಗಾಗಿದ್ದರೆ, ಪಾಲಿಶ್ ಚಕ್ರಕ್ಕೆ ಹಿಡಿದು ಹೊಸದಾಗಿ ಬ್ಲೂಯಿಂಗ್ (ಉಕ್ಕಿಗೆ ಕಡುನೀಲಿ ಬಣ್ಣ) ಮಾಡಿದ್ದಾರೆ ಎಂದೇ ಲೆಕ್ಕ. ಬಣ್ಣ ಎಷ್ಟು ಚೆನ್ನಾಗಿ ಹೊಳೆದರೂ ಸಂಗ್ರಹಕಾರನಿಗೆ ಅದು ನಷ್ಟ.

ಆದರೆ ಗುಂಡು ನೆಟ್ಟಗೆ ಹೋಗುವುದಕ್ಕೂ ಈ ಕುಂದುಗಳಿಗೂ ಸಂಬಂಧವಿಲ್ಲ. ನನ್ನ ಇಡೀ ಆಯ್ಕೆ ನಿಂತಿರುವುದು ಇದರ ಮೇಲೆ: ಕಪಾಟಿಗೆ ಬೇಕಾದರೆ ಯಾರೂ ಮುಟ್ಟದ್ದು, ಕಾಡಿಗೆ ಬೇಕಾದರೆ ಯಾರೋ ಆಗಲೇ ‘ಕೆಡಿಸಿದ್ದು’. ಎರಡಕ್ಕೂ ಒಂದೇ ಸಾಕು ಎಂದು ಹೊರಟವರು ಒಳ್ಳೆಯ ಮೂಲ ರೈಫಲ್‌ಗೆ ತೂತು ಕೊರೆದು ಎರಡನ್ನೂ ಕಳೆದುಕೊಳ್ಳುತ್ತಾರೆ.

ವಿಂಚೆಸ್ಟರ್ ಮಾಡೆಲ್ 70 ಇದಕ್ಕೆ ಸರಿಯಾದ ಉದಾಹರಣೆ. 1936ರಲ್ಲಿ ತಯಾರಿಕೆ ಶುರುವಾಯಿತು. ಮೌಸರ್ ಮಾದರಿಯ ಉದ್ದನೆಯ ಉಗುರು ಎಕ್ಸ್‌ಟ್ರಾಕ್ಟರ್ (ತೋಟಾದ ರಿಮ್ ಹಿಡಿದು ಹೊರಗೆಳೆಯುವ ಕೊಕ್ಕೆ) 1963ರವರೆಗೆ ಇತ್ತು, 1964ರಲ್ಲಿ ತೆಗೆದರು. ಹೊಸ ವಿನ್ಯಾಸದ ಕ್ರಮಸಂಖ್ಯೆ 7,00,000ದಿಂದ ಆರಂಭ. ಎರಡನೇ ಮಹಾಯುದ್ಧಕ್ಕೆ ಮೊದಲಿನವಲ್ಲಿ ರಿಸೀವರ್‌ನ ಹಿಂದಿನ ಸೇತುವೆಗೆ ಕಾರ್ಖಾನೆ ತೂತು ಹಾಕುತ್ತಿರಲಿಲ್ಲ. ಅಂಥದ್ದರ ಸೇತುವೆಯಲ್ಲಿ ಸ್ಕೋಪ್ ಮೌಂಟ್‌ನ ತೂತು ಕಂಡರೆ ಅದು ಆಮೇಲಿನ ಕೆಲಸ. ಅದರ ಜತೆಗೆ ಮೂಲ ಬಟ್‌ಪ್ಲೇಟ್ (ಭುಜಕ್ಕೆ ತಾಗುವ ತುದಿಯ ತಗಡು) ಹೋಗಿ ರಬ್ಬರ್ ಪ್ಯಾಡ್ ಬಂದಿದ್ದರೆ ಸ್ಟಾಕ್, ಅಂದರೆ ಮರದ ಭಾಗ, ಕತ್ತರಿಸಿರುವ ಸಾಧ್ಯತೆಯೇ ಹೆಚ್ಚು. ಸಂಗ್ರಹಕಾರರು ಪಕ್ಕಕ್ಕಿಡುವ ಈ ರೈಫಲ್ .270 ಅಥವಾ .30-06 ತೋಟಾದ್ದಾಗಿದ್ದರೆ ಕಾಡಿಗೆ ನಾನು ಆರಿಸುವುದು ಇದನ್ನೇ. ಉಗುರು ಎಕ್ಸ್‌ಟ್ರಾಕ್ಟರ್ ಮಾತ್ರ ಬೇಕು, ಹಳೆಯದರ ಮೋಹ ಇಲ್ಲ ಎನ್ನುವವರಿಗೆ 1992ರಲ್ಲಿ ಅದೇ ವ್ಯವಸ್ಥೆ ‘ಕ್ಲಾಸಿಕ್’ ಹೆಸರಿನಲ್ಲಿ ಮರಳಿ ಬಂತು.

ನಳಿಗೆಯನ್ನು ಸ್ವಚ್ಛ ಮಾಡದೆ ತೀರ್ಪು ಕೊಡಬಾರದು. ತಾಮ್ರ ಕರಗಿಸುವ ದ್ರಾವಣ ಹಾಕಿ, ಪ್ಯಾಚ್ ನೀಲಿಯಾಗಿ ಬರುವುದು ನಿಲ್ಲುವವರೆಗೂ ಒರೆಸಬೇಕು. ಹೊಳೆಯುವಂತೆ ಕಂಡ ನಳಿಗೆಯಲ್ಲಿ ತಾಮ್ರದಡಿ ತುಕ್ಕಿನ ಗುಳಿ ಅಡಗಿರಬಹುದು. ಕಪ್ಪಗೆ ಕಂಡದ್ದು ಕೆಲವೊಮ್ಮೆ ಬರೀ ಮಸಿ. ಆಮೇಲೆ ಮೂತಿ. ತುದಿಯಿಂದ ಕಂಬಿ ತೂರಿಸಿ ವರ್ಷಗಟ್ಟಲೆ ಉಜ್ಜಿದ್ದರೆ ಅಲ್ಲಿನ ಗೆರೆಗಳು ಒಂದು ಪಕ್ಕಕ್ಕೆ ಸವೆದಿರುತ್ತವೆ.

ಗುಂಡು ಹಾರಿಸುವ ಉದ್ದೇಶವಿದ್ದರೆ ಹೆಡ್‌ಸ್ಪೇಸ್ (ಛೇಂಬರ್ ಮುಚ್ಚುವ ಬೋಲ್ಟ್‌ನ ಮುಖಕ್ಕೂ ತೋಟಾ ತಡೆದು ನಿಲ್ಲುವ ಜಾಗಕ್ಕೂ ನಡುವಿನ ಅಂತರ) ಅಳೆಯದೆ ಮುಂದಕ್ಕಿಲ್ಲ. ಬೋಲ್ಟ್‌ನಿಂದ ಸ್ಟ್ರೈಕರ್ (ತೋಟಾ ಸಿಡಿಸುವ ಸೂಜಿ) ತೆಗೆದು, ಬೋಲ್ಟ್ ಮುಖದಲ್ಲೇ ಖಾಲಿ ತೋಟಾ ಚಿಮ್ಮಿಸುವ ಸ್ಪ್ರಿಂಗ್ ಎಜೆಕ್ಟರ್ ಇದ್ದರೆ ಅದನ್ನೂ ಕಳಚಿ, ತೋಟಾ ಆಕಾರದ ಅಳತೆ ಗೇಜ್‌ನ ರಿಮ್ಮನ್ನು ಎಕ್ಸ್‌ಟ್ರಾಕ್ಟರ್ ಅಡಿ ಸೇರಿಸಿ, ಒಂದೇ ಬೆರಳಿನ ಒತ್ತಡದಲ್ಲಿ ಮುಚ್ಚಬೇಕು. ‘ಗೋ’ ಗೇಜ್ ಮೇಲೆ ಬೋಲ್ಟ್ ಮುಚ್ಚಬೇಕು, ‘ನೋ-ಗೋ’ ಮೇಲೆ ಮುಚ್ಚಬಾರದು. ‘ಫೀಲ್ಡ್’ ಗೇಜ್ ಮೇಲೂ ಮುಚ್ಚಿದರೆ ಆ ರೈಫಲ್ ಹಾರಿಸುವಂಥದ್ದಲ್ಲ. ಬಲವಂತವಾಗಿ ಒತ್ತಿದರೆ ಗೇಜ್ ಕೂಡ ಸುಳ್ಳು ಹೇಳುತ್ತದೆ.

ಗೇಜ್ ಹಿಡಿಯದ ಅಪಾಯವೂ ಇದೆ. 1903ರ ಸ್ಪ್ರಿಂಗ್‌ಫೀಲ್ಡ್ ಸೈನಿಕ ರೈಫಲ್‌ಗಳನ್ನು ಬೇಟೆಗೆ ಮಾರ್ಪಡಿಸಿದ್ದು ತುಂಬ ಸಿಗುತ್ತವೆ. ಕ್ರಮಸಂಖ್ಯೆಯಲ್ಲಿ ಸ್ಪ್ರಿಂಗ್‌ಫೀಲ್ಡ್ ಆರ್ಮರಿಯ 8,00,000ಕ್ಕಿಂತ ಕೆಳಗಿನವು, ರಾಕ್ ಐಲೆಂಡ್‌ನ 2,85,507ಕ್ಕಿಂತ ಕೆಳಗಿನವು ಎಷ್ಟೇ ಚೆಂದವಿದ್ದರೂ ಗೋಡೆಗೆ ಮಾತ್ರ. ಆಗ ಕಾದ ಉಕ್ಕಿನ ಬಣ್ಣವನ್ನು ಕಣ್ಣಳತೆಯಲ್ಲೇ ನೋಡಿ ಶಾಖ ನಿರ್ಧರಿಸುತ್ತಿದ್ದರು. ಹಾಗಾಗಿ ಕೆಲವು ರಿಸೀವರ್‌ಗಳು ಗಾಜಿನಂತೆ ಪೆಡಸಾದವು. ಯಾವುದು ಗಟ್ಟಿ, ಯಾವುದು ಪೆಡಸು ಎಂದು ಹೊರಗಿನಿಂದ ಹೇಳಲಾಗದು.

ಹಳೆಯ ಮೌಸರ್ ಬೇಟೆ ರೈಫಲ್ 8×57 ತೋಟಾದ್ದಾಗಿದ್ದರೆ ತೋಟಾ ತುಂಬುವ ಮೊದಲು ನಳಿಗೆಯ ಒಳ ಅಳತೆ ತೆಗೆಯಲೇಬೇಕು. ಹಳೆಯ ‘ಜೆ’ ನಳಿಗೆಗೆ .318 ಅಂಗುಲದ ಗುಂಡು, ಆಮೇಲಿನ ‘ಜೆಎಸ್’ಗೆ .323. ದಪ್ಪ ಗುಂಡನ್ನು ಸಣ್ಣ ನಳಿಗೆಗೆ ತಳ್ಳಿದರೆ ಒತ್ತಡ ಮಿತಿ ಮೀರುತ್ತದೆ. ನಳಿಗೆಗಿಂತ ತುಸು ದಪ್ಪನೆಯ ಶುದ್ಧ ಸೀಸದ ಉಂಡೆಗೆ ಎಣ್ಣೆ ಸವರಿ ಕಂಬಿಯಿಂದ ಉದ್ದಕ್ಕೂ ತಳ್ಳಿ, ಹೊರಬಂದದ್ದರ ಎದುರುಬದುರು ಉಬ್ಬುಗಳನ್ನು ಮೈಕ್ರೋಮೀಟರ್‌ನಲ್ಲಿ ಅಳೆಯುತ್ತೇನೆ. ಛೇಂಬರ್ ಬಗ್ಗೆ ಅನುಮಾನವಿದ್ದರೆ ಸೆರೋಸೇಫ್ ಎಂಬ ಮಿಶ್ರಲೋಹದ ಎರಕ. ಅದು ಕುದಿನೀರಿಗಿಂತ ಕಡಿಮೆ ಶಾಖದಲ್ಲೇ ಕರಗುತ್ತದೆ. ಆರಿದ ಕೂಡಲೇ ಅಳೆದರೆ ತಪ್ಪು, ಮೊದಲು ತುಸು ಕುಗ್ಗಿ ಆಮೇಲೆ ಹಿಗ್ಗುತ್ತದೆ; ಒಂದು ಗಂಟೆಯ ಹೊತ್ತಿಗೆ ಛೇಂಬರ್‌ನ ನಿಜ ಅಳತೆಗೆ ಬಂದಿರುತ್ತದೆ.

ಮಾನ್ಲಿಕರ್-ಶೋನಾವರ್ 1903 ಎಂದರೆ ನನಗೂ ಆಸೆಯೇ. ಅಷ್ಟು ನಯವಾಗಿ ಜಾರುವ ಬೋಲ್ಟ್ ಅಪರೂಪ. ಆದರೆ ತಿರುಗುವ ಮ್ಯಾಗಜೀನ್‌ನ (ತೋಟಾ ತುಂಬಿಡುವ ಗೂಡು) ಗಾಲಿಯನ್ನು ಒಂದೇ ತೋಟಾದ ಆಕಾರಕ್ಕೆ, 160 ಗ್ರೇನ್‌ನ ಉದ್ದನೆಯ ದುಂಡು ಮೂತಿಯ ಗುಂಡಿಗೆ ಕಡೆದಿರುತ್ತಾರೆ. ಹಗುರ ಚೂಪು ಗುಂಡು ಹಾಕಿದರೆ ತೋಟಾ ತಡವರಿಸುತ್ತದೆ. ಬೋಲ್ಟ್ ಹಿಡಿ ಸೀಳಿದ ಸೇತುವೆಯ ಮೂಲಕವೇ ಸಾಗುವುದರಿಂದ ಸ್ಕೋಪ್ ಕೂರಿಸುವುದು ಕಷ್ಟ. ಮೂತಿಯವರೆಗಿನ ಮರ ತೇವಕ್ಕೆ ಉಬ್ಬಿ ನಳಿಗೆಯನ್ನು ಒತ್ತಿದರೆ ಗುರಿ ಜಾಗ ಬಿಡುತ್ತದೆ. ನನ್ನ ಮಟ್ಟಿಗೆ ಅದು ಕಪಾಟಿನದು.

ಲಿವರ್ ರೈಫಲ್‌ಗಳಲ್ಲಿ ಕಾಡಿಗೆ ನನ್ನ ಒಲವು ಸ್ಯಾವೇಜ್ 99. ಹೆಚ್ಚಿನವುಗಳದ್ದು ತಿರುಗುವ ಮ್ಯಾಗಜೀನ್, ತೋಟಾಗಳು ಒಂದರ ಹಿಂದೊಂದು ಸಾಲಾಗಿ ಕೂರುವುದಿಲ್ಲ, ಹಾಗಾಗಿ ಚೂಪು ಗುಂಡು ಹಾಕಬಹುದು. ವಿಂಚೆಸ್ಟರ್ 94ರ ಕೊಳವೆ ಮ್ಯಾಗಜೀನ್‌ನಲ್ಲಿ ಒಂದರ ಮೂತಿ ಇನ್ನೊಂದರ ಪ್ರೈಮರ್‌ಗೆ (ಏಟಿಗೆ ಸಿಡಿಯುವ ತಳದ ಬೊಟ್ಟು) ತಾಗಿ ಕೂರುವುದರಿಂದ ಗಟ್ಟಿ ಚೂಪು ಮೂತಿ ನಿಷಿದ್ಧ. 99ರಲ್ಲಿ ನೋಡಬೇಕಾದದ್ದು ರಿಸೀವರ್ ಹಿಂದೆ ಮರ ಸೇರುವ ಜಾಗದ ಬಿರುಕು. ಬೋಲ್ಟ್ ಹಿಂಬದಿಯಲ್ಲಿ ಬಿಗಿಯುವುದರಿಂದ ತೋಟಾದ ಹಿತ್ತಾಳೆ ಹಿಗ್ಗುತ್ತದೆ, ಮರುತುಂಬುವವರು ಅದನ್ನು ಗಮನಿಸಬೇಕು.

ಬೋಲ್ಟ್ ರೈಫಲ್‌ನಲ್ಲಿ ಬಿರುಕು ಬರುವುದು ಟ್ಯಾಂಗ್ ಹಿಂದೆ. ರಿಸೀವರ್‌ನ ಹಿಂದಿನ ಈ ಲೋಹದ ಬಾಲ ಒದೆತಕ್ಕೆ ಬೆಣೆಯಂತೆ ಮರವನ್ನು ಸೀಳುತ್ತದೆ. ಕಾಡಿನ ರೈಫಲ್‌ನಲ್ಲಿ ಅಲ್ಲಿ ಅರ್ಧದಿಂದ ಒಂದು ಮಿಲಿಮೀಟರ್ ಸಂದು ಬಿಡಿಸಿ, ರಿಕಾಯಿಲ್ ಲಗ್ (ರಿಸೀವರ್ ಅಡಿಯಲ್ಲಿ ಒದೆತ ತಡೆಯುವ ಲೋಹದ ಚಾಚು) ಹಿಂದೆ ಎಪಾಕ್ಸಿ ತುಂಬುತ್ತೇನೆ. ಲಗ್‌ನ ಮುಂದೆ, ಪಕ್ಕ, ಕೆಳಗೆ ಟೇಪ್ ಸುತ್ತಬೇಕು, ಹಿಂದಿನ ಮುಖಕ್ಕೆ ಬೇಡ. ಲೋಹಕ್ಕೆಲ್ಲ ಬಿಡುಗಡೆ ಮೇಣ ಮರೆತರೆ ಸ್ಟಾಕ್ ಶಾಶ್ವತವಾಗಿ ಅಂಟಿತು. ಕಪಾಟಿನ ರೈಫಲ್‌ಗೆ ಇದ್ಯಾವುದೂ ಬೇಡ.

1960ರ ದಶಕದ ಕೊನೆಯ, 1970ರ ದಶಕದ ಆರಂಭದ ಬ್ರೌನಿಂಗ್ ಆದರೆ ಬಟ್‌ಪ್ಲೇಟ್ ಬಿಚ್ಚಿಯೇ ನೋಡಿ. ಆ ಕಾಲದ ಕೆಲವು ಮರಗಳನ್ನು ಉಪ್ಪಿನಲ್ಲಿ ಒಣಗಿಸಿದ್ದರು. ಹೊರಗೆ ಹೊಸದರಂತಿದ್ದರೂ ಮರದಡಿಯ ಲೋಹವನ್ನು ತುಕ್ಕು ತಿನ್ನುತ್ತದೆ. ಬರಿ ಮರಕ್ಕೆ ಸಿಲ್ವರ್ ನೈಟ್ರೇಟ್ ದ್ರಾವಣದ ಒಂದು ಹನಿ ಹಾಕಿದಾಗ ಹಾಲಿನಂತೆ ಬೆಳ್ಳಗಾದರೆ ಉಪ್ಪಿದೆ.

ಇಡುವಾಗ, ಎಣ್ಣೆ ಸವರಿದ ರೈಫಲನ್ನು ಮೊದಲ ರಾತ್ರಿ ಮೂತಿ ಕೆಳಗಾಗಿ ನಿಲ್ಲಿಸುತ್ತೇನೆ. ಬಟ್ ಕೆಳಗಾದರೆ ಎಣ್ಣೆ ಟ್ಯಾಂಗ್ ಹಿಂದಿನ ಮರಕ್ಕೆ ಇಳಿದು ವರ್ಷಗಳಲ್ಲಿ ಅದನ್ನು ಮೆತ್ತಗೆ ಮಾಡುತ್ತದೆ. ಅಂಥ ಮರದಲ್ಲಿ ಸ್ಕ್ರೂ ಎಷ್ಟು ಬಿಗಿದರೂ ನಿಲ್ಲದು.