ಫ್ರಾಂಕ್‌ಫರ್ಟ್‌ನಲ್ಲಿ ಇಳಿಯುವ ಮೊದಲು: ಹೊಸಬರಿಗೆ ಮಾರ್ಗದರ್ಶಿ

ಬೆಂಗಳೂರಿನಿಂದ ಲುಫ್ತಾನ್ಸಾದಲ್ಲಿ ನೇರ ಬರುವವರು ಬೆಳಿಗ್ಗೆ ಟರ್ಮಿನಲ್ 1ರಲ್ಲಿ ಇಳಿಯುತ್ತೀರಿ. ರಾತ್ರಿಯೆಲ್ಲ ನಿದ್ದೆ ಇಲ್ಲ, ಮಗು ಹೆಗಲ ಮೇಲೆ, ಕೈಯಲ್ಲಿ ಮೂರು ಚೀಲ. ಆ ಹೊತ್ತಿನಲ್ಲಿ ಯಾರಾದರೂ ಗದರಿದ ಹಾಗೆ ಮಾತಾಡಿದರೆ ಕಣ್ಣಲ್ಲಿ ನೀರು ಬರುತ್ತದೆ. ಇಲ್ಲಿನ ಕನ್ನಡ ಸಂಘದವರಾದ ನಮಗೂ ಬಂದಿತ್ತು. ಅದಕ್ಕೇ ಇದನ್ನು ಬರೆಯುತ್ತಿರುವುದು. ಟಿಕೆಟ್ ಮರೆಯಬೇಡಿ, ಸ್ವೆಟರ್ ತನ್ನಿ ಅಂತೆಲ್ಲ ಹೇಳುವುದಿಲ್ಲ, ಅಷ್ಟು ನಿಮಗೇ ಗೊತ್ತಿದೆ.

ಗದರಿದ್ದಲ್ಲ, ಅವರು ಮಾತಾಡುವುದೇ ಹಾಗೆ

ಊರಿನ ಬಸ್‌ಸ್ಟ್ಯಾಂಡಿನಲ್ಲಿ "ಸಾರ್, ಹಾಸನ ಬಸ್ ಎಲ್ಲಿ ನಿಲ್ಲುತ್ತೆ?" ಅಂತ ಸೀದಾ ಕೇಳುತ್ತೇವೆ. ಆ "ಸಾರ್" ಅನ್ನುವುದರಲ್ಲೇ ನಮ್ಮ ಮರ್ಯಾದೆ ಎಲ್ಲ ಇದೆ. ಇಲ್ಲಿ ಹಾಗಲ್ಲ. ಮೊದಲು ನಿಂತು "ಗುಟನ್ ಮೋರ್ಗನ್" ಅನ್ನಬೇಕು, ಅವರು ತಿರುಗಿ ಅನ್ನಬೇಕು, ಆಮೇಲೆ ಪ್ರಶ್ನೆ. ಅದು ಬಿಟ್ಟು ಓಡಿ ಬಂದು ಗೇಟ್ ಎಲ್ಲಿ ಅಂತ ಶುರು ಮಾಡಿದರೆ ನೀವು ಒರಟರು ಅಂತ ಅವರಿಗೆ ಅನಿಸುತ್ತದೆ, ನಗದೆ ಉತ್ತರ ಕೊಟ್ಟರಲ್ಲ ಅಂತ ಅವರು ಒರಟರು ಅಂತ ನಮಗೆ ಅನಿಸುತ್ತದೆ.

ಇನ್ನೊಂದು ವಿಷಯ. ಕೇಳಿದಷ್ಟಕ್ಕೇ ಉತ್ತರ. ಗೇಟ್ ಎಲ್ಲಿ ಅಂದರೆ ಬೆರಳು ತೋರಿಸುತ್ತಾರೆ, ನಡುವೆ ಇನ್ನೊಂದು ಪಾಸ್‌ಪೋರ್ಟ್ ಸಾಲು ಇದೆ, ಬೇಗ ಹೋಗಿ ಅಂತ ತಾವಾಗೇ ಹೇಳುವುದಿಲ್ಲ. "ನಡೆಯೋಕೆ ಎಷ್ಟು ನಿಮಿಷ ಬೇಕು? ಮಧ್ಯೆ ಮತ್ತೆ ಚೆಕಿಂಗ್ ಇದೆಯಾ?" ಅಂತ ನೀವೇ ಕೇಳಿ. ಕೇಳಿದರೆ ಚೆನ್ನಾಗಿಯೇ ಹೇಳುತ್ತಾರೆ. ಮುಖ ಗಂಟು ಹಾಕಿಕೊಂಡು ಕೂತಿದ್ದ ಒಬ್ಬರು ನಮ್ಮ ಮಗುವಿನ ಗಾಡಿ ನೋಡಿ ಎದ್ದು ಬಂದು ಲಿಫ್ಟಿನ ತನಕ ಬಿಟ್ಟು ಹೋದರು. ಆಗಲೂ ನಗಲಿಲ್ಲ ಅನ್ನಿ.

"ಸ್ವಲ್ಪ ಅಡ್ಜಸ್ಟ್ ಮಾಡಿ" ನಡೆಯುವುದಿಲ್ಲ. 23 ಕಿಲೋ ಅಂದರೆ 23. ಚೆಕ್‌ಇನ್ ಸಾಲಿನಲ್ಲಿ ಸೂಟ್‌ಕೇಸ್ ಬಿಚ್ಚಿ ನೆಲದ ಮೇಲೆ ಸೀರೆ ಹರಡುವವರು ಬಹಳ ಸಲ ನಮ್ಮವರೇ. ಬೇಜಾರಾಗಬೇಡಿ, ಕಂಡಿದ್ದು ಹೇಳುತ್ತಿದ್ದೇನೆ. ಮನೆಯಲ್ಲೇ ತೂಕ ಹಾಕಿ.

ಪಾಸ್‌ಪೋರ್ಟ್ ಕೌಂಟರ್

ಮನೆಯ ವಿಳಾಸ, ಕೆಲಸದ ಒಪ್ಪಂದ, ಮದುವೆ ಪ್ರಮಾಣಪತ್ರ, ಮಕ್ಕಳ ಜನನ ಪ್ರಮಾಣಪತ್ರ: ಎಲ್ಲದರ ಕಾಗದದ ಪ್ರತಿ ಕೈಚೀಲದಲ್ಲಿರಲಿ. ಫೋನಿನಲ್ಲಿದೆ ಅನ್ನಬೇಡಿ, ಫೋನ್ ಸತ್ತಿರುತ್ತದೆ.

ತಿಂಡಿ ಡಬ್ಬ

ಇದನ್ನು ಎಷ್ಟು ಸಲ ಹೇಳಿದರೂ ಯಾರೂ ಕೇಳುವುದಿಲ್ಲ. ಐರೋಪ್ಯ ಒಕ್ಕೂಟದ ಹೊರಗಿನಿಂದ ಹಾಲಿನ ಪದಾರ್ಥ, ಮಾಂಸದ ಪದಾರ್ಥ ತರುವ ಹಾಗಿಲ್ಲ. ತುಪ್ಪ ಹಾಲಿನದೇ. ಪೇಡ ಹಾಲಿನದೇ. ನನ್ನನ್ನು ಕಸ್ಟಮ್ಸ್‌ನವರು ನಿಲ್ಲಿಸಿದಾಗ ಮೈಸೂರು ಪಾಕಿನ ಡಬ್ಬ ತೆಗೆದು "ಇದರಲ್ಲಿ ಹಾಲು ಇದೆಯಾ?" ಅಂತ ಕೇಳಿದರು. ನಾನು ಜಂಬದಿಂದ "ಇಲ್ಲ, ಶುದ್ಧ ತುಪ್ಪ ಮಾತ್ರ" ಅಂದೆ. ಅತ್ತೆ ಎರಡು ದಿನ ನಿಂತು ಮಾಡಿದ್ದು, ನನ್ನ ಕಣ್ಣೆದುರೇ ಕಸದ ಡಬ್ಬಕ್ಕೆ ಹೋಯಿತು. ತಪ್ಪು ನನ್ನದೇ.

2019ರ ಡಿಸೆಂಬರ್‌ನಿಂದ ಹಸಿ ಹಣ್ಣು, ತರಕಾರಿ, ಸೊಪ್ಪಿಗೂ ಸಸ್ಯ ಆರೋಗ್ಯದ ಪ್ರಮಾಣಪತ್ರ ಬೇಕು. ಕರಿಬೇವಿಗೂ ಬೇಕು. ಅನಾನಸ್, ಬಾಳೆಹಣ್ಣು, ತೆಂಗಿನಕಾಯಿ, ಖರ್ಜೂರ, ಡ್ಯೂರಿಯನ್ ಈ ಐದಕ್ಕೆ ಮಾತ್ರ ಬೇಡ. ತಿಪಟೂರಿನವರು ಖುಷಿಪಡಬಹುದು, ಬಾದಾಮಿ ಮಾವಿನ ಆಸೆ ಬಿಡಿ. ಸಾರಿನ ಪುಡಿ, ಚಟ್ನಿಪುಡಿ, ರಾಗಿಹಿಟ್ಟು ನಾವೆಲ್ಲ ತಂದಿದ್ದೇವೆ, ಯಾರೂ ಏನೂ ಅಂದಿಲ್ಲ. ಆದರೆ ಪುಡಿಗಳನ್ನು ದೊಡ್ಡ ಸೂಟ್‌ಕೇಸಿಗೇ ಹಾಕಿ. ಉಪ್ಪಿನಕಾಯಿ, ಮೊಸರನ್ನ, ಗೊಜ್ಜು ಇವೆಲ್ಲ ಸೆಕ್ಯುರಿಟಿಯವರ ಲೆಕ್ಕದಲ್ಲಿ ದ್ರವ. ಕೈಚೀಲದಲ್ಲಿ ಕಂಡರೆ ಎತ್ತಿ ಇಡುತ್ತಾರೆ.

ವಿಮಾನದಲ್ಲಿ ಬರುವ ದೊಡ್ಡವರು ತಲಾ 430 ಯೂರೋ ಬೆಲೆಯ ಸಾಮಾನನ್ನು ಸುಂಕವಿಲ್ಲದೆ ತರಬಹುದು. ಅದಕ್ಕಿಂತ ಜಾಸ್ತಿ ಬೆಲೆಯ ಹೊಸ ಒಡವೆ ಇದ್ದರೆ ಕಸ್ಟಮ್ಸ್‌ನಲ್ಲಿ ಹಸಿರು ದಾರಿ ಬಿಟ್ಟು, ತೋರಿಸುವ ಸಾಮಾನು ಇರುವವರ ಕೆಂಪು ದಾರಿ ಹಿಡಿಯಿರಿ.

ಸೂಟ್‌ಕೇಸ್ ಬರದಿದ್ದರೆ

ಗುರುತಿಗೆ ಕೆಂಪು ರಿಬ್ಬನ್ ಕಟ್ಟಬೇಡಿ. ಬೆಲ್ಟಿನ ಮೇಲೆ ಹನ್ನೊಂದು ಕೆಂಪು ರಿಬ್ಬನ್ ಎಣಿಸಿದ್ದೇನೆ, ಅದರಲ್ಲಿ ನಮ್ಮದು ಇರಲೇ ಇಲ್ಲ. ಯಾವ ಏರ್‌ಲೈನ್ ಅಂತ ಹೇಳುವುದಿಲ್ಲ. ಕೌಂಟರಿನ ಹುಡುಗಿ "ಮನೆಗೆ ಹೋಗಿ, ಫೋನ್ ಮಾಡುತ್ತೇವೆ" ಅಂದಳು. ಪಾಪ, ಒಳ್ಳೆಯ ಹುಡುಗಿ ಅಂದುಕೊಂಡು ಬಂದುಬಿಟ್ಟೆವು. ಕೈಯಲ್ಲಿ ಒಂದು ಚೀಟಿ ಇಲ್ಲ. ಆ ಸೂಟ್‌ಕೇಸಿನಲ್ಲಿ ಮಗುವಿನ ಔಷಧಿ ಇತ್ತು. ಮರುದಿನದಿಂದ ಫೋನ್ ಮಾಡಿದಾಗಲೆಲ್ಲ "ನಿಮ್ಮ ರೆಫರೆನ್ಸ್ ನಂಬರ್ ಹೇಳಿ" ಅಂತಾರೆ. ಒಂಬತ್ತನೇ ದಿನ ಸೂಟ್‌ಕೇಸ್ ಬಂತು, ಒಂದು ಚಕ್ರ ಇಲ್ಲ, ಕುಕ್ಕರಿನ ಅಂಚು ಒಳಕ್ಕೆ ಬಾಗಿತ್ತು. ಮನೆ ಹುಡುಕುವ ಗಡಿಬಿಡಿಯಲ್ಲಿ ಹತ್ತು ದಿನ ಬಿಟ್ಟು ದೂರು ಬರೆದೆವು. ಏಳು ದಿನದೊಳಗೆ ಬರೆಯಬೇಕಿತ್ತಂತೆ.

ಆದ್ದರಿಂದ, ದಯವಿಟ್ಟು, ಬೆಲ್ಟಿನ ಹಾಲ್ ಬಿಟ್ಟು ಹೊರಗೆ ಕಾಲಿಡುವ ಮೊದಲು ಸಾಮಾನು ಬಂದಿಲ್ಲ ಅಥವಾ ಹಾಳಾಗಿದೆ ಅಂತ ದಾಖಲಿಸುವ ಪಿಐಆರ್ ಅನ್ನುವ ವರದಿ ಬರೆಸಿ, ನಂಬರ್ ಇರುವ ಪ್ರತಿ ತೆಗೆದುಕೊಳ್ಳಿ. ಸಾಮಾನು ಹಾಳಾಗಿದ್ದರೆ 7 ದಿನದೊಳಗೆ, ತಡವಾಗಿ ಬಂದಿದ್ದರೆ ಕೈಗೆ ಸಿಕ್ಕ 21 ದಿನದೊಳಗೆ ಲಿಖಿತ ದೂರು ಕೊಡಬೇಕು. 21 ದಿನವಾದರೂ ಬರದಿದ್ದರೆ ಕಳೆದುಹೋಯಿತು ಅಂತಲೇ ಲೆಕ್ಕ. ಆ ನಡುವೆ ಬ್ರಷ್, ಬನಿಯನ್ ಏನೇ ಕೊಂಡರೂ ಬಿಲ್ ಇಟ್ಟುಕೊಳ್ಳಿ. ಔಷಧಿ ಯಾವತ್ತೂ ಕೈಚೀಲದಲ್ಲಿ.

ಅಮ್ಮ ಒಬ್ಬರೇ ಬರುವಾಗ

ನಮ್ಮಮ್ಮನಿಗೆ ಕನ್ನಡ ಬಿಟ್ಟರೆ ಬೇರೆ ಬರುವುದಿಲ್ಲ. ಮೊದಲ ಸಲ ಬರುವಾಗ ಅಗ್ಗ ಅಂತ ಬೇರೊಂದು ಊರಿನಲ್ಲಿ ವಿಮಾನ ಬದಲಿಸುವ ಟಿಕೆಟ್ ತೆಗೆದೆ. ವೀಲ್‌ಚೇರ್ ಹೇಳಿದ್ದೆ. ಆ ಊರಿನಲ್ಲಿ ಒಬ್ಬ ಹುಡುಗ ತಳ್ಳಿಕೊಂಡು ಹೋಗಿ ಒಂದು ಮೂಲೆಯಲ್ಲಿ ನಿಲ್ಲಿಸಿ, ಕೈಸನ್ನೆಯಲ್ಲಿ "ಇಲ್ಲೇ ಇರಿ" ಅಂತ ಹೇಳಿ ಹೋದವನು ಮೂರು ಗಂಟೆ ಬರಲಿಲ್ಲ. ಅಮ್ಮನಿಗೆ ಶುಗರ್ ಇದೆ. ಚೀಲದಲ್ಲಿ ಚಪಾತಿ ಸುರುಳಿ ಇತ್ತು. ತಿನ್ನಲಿಲ್ಲ. ಯಾಕಮ್ಮ ಅಂದರೆ, "ಎದುರಿಗೆ ಕೂತವರು ಯಾರೂ ತಿಂತಿರಲಿಲ್ಲ ಕಣೇ, ನಾನೊಬ್ಬಳೇ ಹೆಂಗೆ ತಿನ್ಲಿ?" ಅಂದರು. ನೀರು ಕೇಳಲಿಲ್ಲ, ಶೌಚಾಲಯ ಕೇಳಲಿಲ್ಲ. ಕೊನೆಗೆ ಗೇಟ್ ಮುಚ್ಚುವ ಹೊತ್ತಿಗೆ ಬೇರೊಬ್ಬ ಬಂದು ಓಡಿಸಿಕೊಂಡು ಹೋದ. ಇಲ್ಲಿ ಹೊರಗೆ ಬಂದಾಗ ಸೆರಗಿನ ತುದಿಯನ್ನು ಬೆರಳಿಗೆ ಎಷ್ಟು ಬಿಗಿಯಾಗಿ ಸುತ್ತಿಕೊಂಡಿದ್ದರು ಅಂದರೆ ಬೆರಳಿನ ಮೇಲೆ ಗೆರೆ ಮೂಡಿತ್ತು.

ಈಗ ನಾವು ಹೀಗೆ ಮಾಡುತ್ತೇವೆ. ಸಾಧ್ಯವಾದಷ್ಟು ನೇರ ವಿಮಾನ, ಹತ್ತು ಸಾವಿರ ರೂಪಾಯಿ ಜಾಸ್ತಿಯಾದರೂ ಸರಿ. ವೀಲ್‌ಚೇರ್ ಬೇಕು ಅಂತ ಏರ್‌ಲೈನಿಗೆ 48 ಗಂಟೆ ಮೊದಲೇ ತಿಳಿಸುತ್ತೇವೆ. ಐರೋಪ್ಯ ಒಕ್ಕೂಟದ ವಿಮಾನ ನಿಲ್ದಾಣಗಳಲ್ಲಿ ಇದು ಕಾನೂನಿನ ಪ್ರಕಾರ ಉಚಿತ, ಯಾರಿಗೂ ದುಡ್ಡು ಕೊಡಬೇಕಿಲ್ಲ. ಒಂದು ರಟ್ಟಿನ ಮೇಲೆ ಜರ್ಮನ್ ಮತ್ತು ಇಂಗ್ಲಿಷಿನಲ್ಲಿ "ಇವರಿಗೆ ಕನ್ನಡ ಮಾತ್ರ ಬರುತ್ತದೆ, ಸಕ್ಕರೆ ಕಾಯಿಲೆ ಇದೆ, ಮಗಳ ನಂಬರ್ ಇದು" ಅಂತ ಬರೆದು, ದಾರ ಕಟ್ಟಿ ಕೊರಳಿಗೆ ಹಾಕುತ್ತೇವೆ. ಅದೇ ರಟ್ಟಿನ ಹಿಂದೆ ಕನ್ನಡದಲ್ಲಿ ಮತ್ತು ಜರ್ಮನ್‌ನಲ್ಲಿ ಎದುರುಬದುರು ನಾಲ್ಕು ಸಾಲು: ನೀರು ಬೇಕು, ಶೌಚಾಲಯಕ್ಕೆ ಹೋಗಬೇಕು, ಮಗಳಿಗೆ ಫೋನ್ ಮಾಡಿ, ನನ್ನ ವಿಮಾನ ಹೊರಟಿತಾ? ಅಮ್ಮ ಬೆರಳಿಟ್ಟು ತೋರಿಸಿದರೆ ಸಾಕು. ಮತ್ತೆ, ಎಲ್ಲಿ ಬೇಕಾದರೂ ಕೂತು ತಿನ್ನಬಹುದು ಅಂತ ಊರಲ್ಲೇ ನಾಲ್ಕು ಸಲ ಹೇಳಿ.

ಗಟ್ಟಿಯಾಗಿ ಓಡಾಡುವ ಅಪ್ಪಂದಿರಿಗೆ ಸಾಲು ತಪ್ಪಿಸಲಿಕ್ಕೆ ಮಾತ್ರ ವೀಲ್‌ಚೇರ್ ಕೇಳಬೇಡಿ. ನಿಜವಾಗಿ ಮಂಡಿ ನೋವಿರುವವರು ಕಾಯುತ್ತಾ ಕೂರುತ್ತಾರೆ.

ಷೆಂಗೆನ್ ವೀಸಾದಲ್ಲಿ (ಸ್ವಲ್ಪ ದಿನದ ಭೇಟಿಗೆ) ಬರುವವರ ಫೋಟೋ ತೆಗೆದು, ಬೆರಳಚ್ಚು ಹೋಲಿಸಿ ನೋಡುವ ಹೊಸ ಪದ್ಧತಿ 2025ರ ಅಕ್ಟೋಬರ್ 12ರಿಂದ ಶುರುವಾಗಿದೆ. 12 ವರ್ಷದೊಳಗಿನ ಮಕ್ಕಳಿಗೆ ಬೆರಳಚ್ಚು ಇಲ್ಲ. ಪಾತ್ರೆ ತಿಕ್ಕಿ ಬೆರಳು ಸವೆದವರದು ಒಂದೇ ಸಲಕ್ಕೆ ಹಿಡಿಯುವುದಿಲ್ಲ, ಗಾಬರಿ ಬೇಡ. ವಾಪಸ್ ಟಿಕೆಟ್, ವಿಮೆ, ನಿಮ್ಮ ಆಹ್ವಾನ ಪತ್ರ ಬರುವವರ ಕೈಯಲ್ಲೇ ಇರಲಿ. ಹೌದು ಅನ್ನಲು ನಾವು ತಲೆ ಅಲ್ಲಾಡಿಸುವುದು ಕೌಂಟರಿನವರಿಗೆ "ಇಲ್ಲ" ಅಂತ ಕಾಣುತ್ತದೆ. ಬಾಯಲ್ಲೇ "ಯಾ" (ಜರ್ಮನ್‌ನಲ್ಲಿ ಹೌದು) ಅನ್ನಲು ಕಲಿಸಿ.

ವಿಮಾನ ತಡವಾದರೆ

ಇಲ್ಲಿ ರಾತ್ರಿ 11ರಿಂದ ಬೆಳಿಗ್ಗೆ 5ರ ತನಕ ವಿಮಾನ ಏರುವ ಇಳಿಯುವ ವೇಳಾಪಟ್ಟಿಯೇ ಇಲ್ಲ, 2011ರಿಂದ ಹಾಗೆ. ಸಂಜೆಯ ವಿಮಾನ ತಡವಾಗುತ್ತಾ ಹೋದರೆ ಮಾರನೇ ದಿನಕ್ಕೆ ಹೋಗಿಬಿಡಬಹುದು. ಇಲ್ಲಿಂದ ಹೊರಡುವ ಯಾವ ಕಂಪನಿಯ ವಿಮಾನವಾದರೂ, ಬೆಂಗಳೂರಿನಷ್ಟು ದೂರಕ್ಕೆ ನಾಲ್ಕು ಗಂಟೆಗಿಂತ ಜಾಸ್ತಿ ತಡವಾಗಿ ತಲುಪಿ, ತಪ್ಪು ಕಂಪನಿಯದೇ ಆಗಿದ್ದರೆ ತಲಾ 600 ಯೂರೋ ಪರಿಹಾರ ಕೇಳಬಹುದು. ಹವಾಮಾನ ಕೆಟ್ಟರೆ ಪರಿಹಾರ ಇಲ್ಲ, ಆದರೆ ಊಟ, ಹೋಟೆಲ್ ಕೊಡಲೇಬೇಕು. ತಾವಾಗೇ ಕರೆದು ಕೊಡುವುದಿಲ್ಲ, ಕೌಂಟರಿಗೆ ಹೋಗಿ ಕೇಳಿ.

ಊರಿಗೆ ರೈಲು

ಎಸ್8, ಎಸ್9 ಅನ್ನುವ ಲೋಕಲ್ ರೈಲುಗಳು ಎರಡೂ ಟರ್ಮಿನಲ್ 1ರ ಕೆಳಗಿನಿಂದ. ಹನಾವ್ ಅಂತ ಇದ್ದರೆ ಫ್ರಾಂಕ್‌ಫರ್ಟ್ ಕಡೆ, ವೀಸ್‌ಬಾಡನ್ ಅಂತ ಇದ್ದರೆ ಎದುರು ದಿಕ್ಕು. ನಾವು ಮೊದಲ ದಿನವೇ ತಪ್ಪು ರೈಲು ಹತ್ತಿ, ಆ ಎದುರು ದಿಕ್ಕಿನ ಮೈನ್ಸ್ ಊರು ನೋಡಿ ಬಂದೆವು. ಟಿಕೆಟ್ ಹತ್ತುವ ಮೊದಲೇ ತೆಗೆಯಿರಿ, ಇಲ್ಲದಿದ್ದರೆ ದಂಡ 60 ಯೂರೋ. ದೂರದ ಊರಿನ ರೈಲುಗಳಿಗೆ ಬೇರೆ ನಿಲ್ದಾಣ, ಸೇತುವೆ ದಾಟಿ ನಡೆಯಬೇಕು.

ಚಿಲ್ಲರೆ

- ಫ್ರಾಂಕ್‌ಫರ್ಟ್ ಹಾನ್ ಬೇರೆ ನಿಲ್ದಾಣ, ಸುಮಾರು 120 ಕಿ.ಮೀ. ದೂರ
- ವೈಫೈ ಉಚಿತ
- ಶೌಚಾಲಯದಲ್ಲಿ ನೀರಿನ ಪೈಪ್ ಇಲ್ಲ, ಖಾಲಿ ಬಾಟಲಿ ಇರಲಿ
- ಪೊಲೀಸ್ 110, ಆಂಬುಲೆನ್ಸ್ 112
- ಭಾನುವಾರ ಊರಿನ ಅಂಗಡಿಗಳೆಲ್ಲ ಬಂದ್. ವಿಮಾನ ನಿಲ್ದಾಣದ ಸೂಪರ್‌ಮಾರ್ಕೆಟ್ ತೆಗೆದಿರುತ್ತದೆ

ನಾವು ಬರುತ್ತೇವೆ

ವಿಮಾನದ ನಂಬರನ್ನು ಸಂಘದ ವಾಟ್ಸಾಪ್ ಗುಂಪಿಗೆ ಎರಡು ದಿನ ಮೊದಲು ಹಾಕಿ, ಹತ್ತಿದ ಮೇಲೆ ಹಾಕಬೇಡಿ. ಪುಟ್ಟ ಮಕ್ಕಳಿರುವವರು, ವಯಸ್ಸಾದವರು ಬರುವುದಾದರೆ ಯಾರಾದರೂ ಒಬ್ಬರು ರಜೆ ಹಾಕಿಯಾದರೂ ಬರುತ್ತೇವೆ. ಹೊರಬರುವ ಬಾಗಿಲಿನ ಎದುರು ಹಳದಿ ಕೆಂಪು ಶಾಲು ಹಾಕಿಕೊಂಡು ನಿಂತಿರುತ್ತೇವೆ. ಫ್ಲಾಸ್ಕಿನಲ್ಲಿ ಫಿಲ್ಟರ್ ಕಾಫಿ ಇರುತ್ತದೆ. ಸಕ್ಕರೆ ಬೇಡ ಅನ್ನುವವರು ಗುಂಪಿನಲ್ಲಿ ಮೊದಲೇ ಹೇಳಿ.