ಮೂರು ವಾರದಾಚೆಗೆ ಯೋಜನೆ ಬೇಡ

ಚಿತ್ರದುರ್ಗದಲ್ಲಿ ಹೈಸ್ಕೂಲು, ಪಿಯುಸಿ ಓದುವ ಹುಡುಗ ಹುಡುಗಿಯರ ಗುಂಪೊಂದನ್ನು ನಡೆಸುತ್ತಿದ್ದೇನೆ. ಭಾನುವಾರ ಬಂತೆಂದರೆ ಅಲೆದಾಟ. ವರ್ಷದ ವೇಳಾಪಟ್ಟಿ ನಮ್ಮಲ್ಲಿಲ್ಲ. ಮುಂದಿನ ಮೂರು ವಾರಕ್ಕೆ ಏನು ಎಂಬುದನ್ನಷ್ಟೇ ಪೆನ್ಸಿಲ್‌ನಲ್ಲಿ ಬರೆದಿಡುತ್ತೇವೆ. ಶೇಂಗಾ ಕೀಳುವ ಹೊತ್ತಿಗೆ ಹಳ್ಳಿಯ ಮಕ್ಕಳು ಹೊಲದಲ್ಲಿರುತ್ತಾರೆ, ಪರೀಕ್ಷೆ ಹತ್ತಿರವಾದರೆ ಉಳಿದವರೂ ಸಿಗುವುದಿಲ್ಲ. ಅವರ ಬಿಡುವು ನೋಡಿಯೇ ನಾವು ಹೊರಡಬೇಕು.

ಪ್ರತಿ ಭಾನುವಾರಕ್ಕೂ ಎರಡು ಕಾರ್ಯಕ್ರಮ ಸಿದ್ಧವಿರುತ್ತವೆ: ಬಿಸಿಲಿಗೊಂದು, ಮಳೆಗೊಂದು. ಎರಡೂ ಮನೆಯವರಿಗೆ ಮೊದಲೇ ಗೊತ್ತಿರುತ್ತವೆ. ಯಾವುದು ನಡೆದರೂ ಸೇರುವ ಜಾಗ, ಮರಳುವ ಹೊತ್ತು, ಕಟ್ಟಿಕೊಂಡ ಬುತ್ತಿ ಮಾತ್ರ ಅವೇ. ತಾಯಂದಿರು ಧೈರ್ಯವಾಗಿ ಕಳುಹಿಸುವುದು ಇದರಿಂದಲೇ.

ನಮ್ಮ ಅಚ್ಚುಮೆಚ್ಚಿನ ಆಟ ನೀರಿನ ಜಾಡು ಹಿಡಿಯುವುದು. ಕೋಟೆಯ ಮೇಲಿನ ಗೋಪಾಲಸ್ವಾಮಿ ಹೊಂಡ ತುಂಬಿದರೆ ನೀರು ಅಕ್ಕ-ತಂಗಿ ಹೊಂಡಕ್ಕೆ, ಅಲ್ಲಿಂದ ಕೆಳಗೆ ಸಿಹಿನೀರು ಹೊಂಡಕ್ಕೆ, ಕೊನೆಗೆ ಊರೊಳಗಿನ ಸಂತೆಹೊಂಡಕ್ಕೆ ಬರುತ್ತದೆ. ಬಿಸಿಲಿದ್ದರೆ ನಾಲ್ಕು ನಾಲ್ಕು ಜನರ ತಂಡಗಳು ಒಗಟಿನ ಚೀಟಿ ಹಿಡಿದು ಮೇಲಿನಿಂದ ಹುಡುಕುತ್ತವೆ. ‘ಒಬ್ಬರೇ ನುಸುಳುವ ದಾರಿ’ ಎಂದರೆ ಓಬವ್ವನ ಕಿಂಡಿ. ಅಲ್ಲಿ ಕುಳಿತವರಿಂದ ಮುಂದಿನ ಚೀಟಿ. ಮಳೆಯಾದರೆ ಬಂಡೆ ಜಾರುತ್ತದೆ, ಆಗ ಆಟ ತಿರುಗುಮುರುಗು. ಕೊಡೆ ಹಿಡಿದು ಸಂತೆಹೊಂಡದಿಂದ ಶುರು ಮಾಡಿ, ನೀರು ಯಾವ ಕಡೆಯಿಂದ ಇಳಿಯಿತು ಎಂದು ಊರಿನ ನಕ್ಷೆ ಬರೆಯುತ್ತಾರೆ. ನನಗಂತೂ ಮಳೆಯ ಆಟವೇ ಹೆಚ್ಚು ಇಷ್ಟ. ನಕ್ಷೆಯ ಮೇಲೆ ಬಗ್ಗಿದ ತಲೆಗಳು ಬೇಗ ಮೇಲೇಳುವುದಿಲ್ಲ.

ಜ್ಯೋತಿರಾಜ್ ಅವರು ಹಗ್ಗವಿಲ್ಲದೆ ಕೋಟೆಯ ಗೋಡೆ ಹತ್ತುವುದನ್ನು ನೋಡಿದ ಹುಡುಗರಿಗೆ ಕೈಕಾಲು ಸುಮ್ಮನಿರುವುದಿಲ್ಲ. ಆದರೆ ಗೋಡೆ ಹತ್ತುವಂತಿಲ್ಲ, ಹೊಂಡಕ್ಕೆ ಇಳಿಯುವಂತಿಲ್ಲ. ಯೋಜನೆ ಎಷ್ಟು ಬದಲಾದರೂ ಈ ಎರಡು ಬದಲಾಗುವುದಿಲ್ಲ. ಊರ ಹತ್ತಿರದ ಜೋಗಿಮಟ್ಟಿ ಕಾಡಿಗೆ ಹೋಗಲು ಅರಣ್ಯ ಇಲಾಖೆಯ ಅನುಮತಿ ಬೇಕಾದ್ದರಿಂದ ಅದನ್ನು ಯಾವಾಗಲೂ ಮೂರನೆಯ ವಾರಕ್ಕೆ ಇಡುತ್ತೇವೆ.

ಗುರುವಾರ ಸಂಜೆ ಆ ವಾರದ ಹೊಣೆ ಹೊತ್ತ ಇಬ್ಬರು ಮಕ್ಕಳು ಎಷ್ಟು ಜನ ಬರುತ್ತಾರೆಂದು ಕೇಳಿ, ಆಕಾಶ ನೋಡಿ ಖಚಿತಪಡಿಸುತ್ತಾರೆ. ಹತ್ತಕ್ಕಿಂತ ಕಡಿಮೆಯಾದರೆ ತಂಡಗಳ ಆಟ ಬಿಟ್ಟು ಎಲ್ಲರೂ ಒಟ್ಟಿಗೆ ನಡೆಯುತ್ತೇವೆ. ಸದ್ಯದ ಪಟ್ಟಿಯಲ್ಲಿ ಅವರೇ ಬರೆದಿರುವುದು ಇದು: ಬಿಸಿಲಿದ್ದರೆ ಸೈಕಲ್‌ನಲ್ಲಿ ಚಂದ್ರವಳ್ಳಿ ಕೆರೆ, ಮಳೆಯಾದರೆ ರಂಗಯ್ಯನ ಬಾಗಿಲಿನ ವಸ್ತುಸಂಗ್ರಹಾಲಯ, ಎರಡಕ್ಕೂ ಬುತ್ತಿ ಚಿತ್ರಾನ್ನ.