ಆಫೀಸಿನ ಕಿರುಕುಳಕ್ಕೆ ದೂರು ಕೊಡುವ ಮೊದಲು ತಾರೀಖು ನೋಡಿಕೊಳ್ಳಿ

ಪುಣೆಯಲ್ಲಿ ನಮ್ಮವರು ಯಾರಾದರೂ "ಆಫೀಸಿನಲ್ಲಿ ಮ್ಯಾನೇಜರ್ ಕಾಟ ಜಾಸ್ತಿಯಾಗಿದೆ, ಕಂಪ್ಲೇಂಟ್ ಹೇಗೆ ಕೊಡೋದು" ಅಂತ ಕೇಳಿದರೆ ನಾನು ಮೊದಲು ಕೇಳುವುದು ಒಂದೇ. ಕೊನೆಯ ಸಲ ಹಾಗಾಗಿದ್ದು ಯಾವತ್ತು? ಹೆಣ್ಣುಮಕ್ಕಳ ಮೇಲಿನ ಲೈಂಗಿಕ ಕಿರುಕುಳಕ್ಕೆ 2013ರ ಕಾಯ್ದೆ ಇದೆ, ಎಲ್ಲರ ಬಾಯಲ್ಲಿ ಪಾಶ್ ಅಂತಲೇ ಇರುವುದು. ಅದರಲ್ಲಿ ದೂರು ಕೊಡಲು ಇರುವುದು ಕೊನೆಯ ಘಟನೆಯಿಂದ 3 ತಿಂಗಳು ಮಾತ್ರ. ಸರಿಯಾದ ಕಾರಣ ಇದ್ದರೆ ದೂರು ವಿಚಾರಿಸುವ ಸಮಿತಿ ಇನ್ನೊಂದು 3 ತಿಂಗಳು ಕೊಡಬಹುದು, ಅಷ್ಟೇ. ಅಪ್ರೈಸಲ್ ಮುಗಿಯಲಿ, ಗಣಪತಿ ಹಬ್ಬ ಮುಗಿಯಲಿ ಅಂತ ಕಾಯುವವರು ಸಿಕ್ಕಿಬೀಳುವುದು ಇಲ್ಲೇ. ಆಮೇಲೆ ರೇಟಿಂಗ್ ಇಳಿಸಿದರು, ಪ್ರಾಜೆಕ್ಟ್‌ನಿಂದ ತೆಗೆದರು, ಹಾಗಾಗಿ ಗಡುವು ಮುಂದೆ ಹೋಗುತ್ತದೆ ಅಂತ ನಂಬಿಕೊಂಡು ಕೂರಬೇಡಿ. 2025ರಲ್ಲಿ ಒಂದು ವಿಶ್ವವಿದ್ಯಾಲಯದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇಂಥ ವಾದವನ್ನು ಒಪ್ಪಲಿಲ್ಲ, ದೂರು ತಡವಾಯಿತು ಅಂತಲೇ ಹೇಳಿತು.

ಆಮೇಲಿನ ಪ್ರಶ್ನೆ, ಎಲ್ಲಿಗೆ ಹೋಗಬೇಕು? "ತಾರತಮ್ಯ" ಅಂತ ಬೋರ್ಡ್ ಹಾಕಿಕೊಂಡ ಒಂದೇ ಕೌಂಟರ್ ನಮ್ಮ ದೇಶದಲ್ಲಿ ಇಲ್ಲ. ನೀವು ಪರಿಶಿಷ್ಟ ಜಾತಿ ಅಥವಾ ಪಂಗಡದವರಾಗಿದ್ದು, ಆ ಸಮುದಾಯದವರಲ್ಲದ ಯಾರಾದರೂ ನಾಲ್ಕು ಜನರ ಮುಂದೆ ಜಾತಿ ಎತ್ತಿ ಅವಮಾನ ಮಾಡಿದರೆ ಅದು 1989ರ ದೌರ್ಜನ್ಯ ತಡೆ ಕಾಯ್ದೆಗೆ ಬರುತ್ತದೆ, ನೇರ ಪೊಲೀಸ್ ಸ್ಟೇಷನ್‌ಗೆ ಹೋಗಿ. ಇಲ್ಲಿನವರಿಗೆ "ಅಟ್ರಾಸಿಟಿ" ಅಂದರೆ ಸಾಕು, ತಿಳಿಯುತ್ತದೆ. ಅಂಗವೈಕಲ್ಯದ ಕಾರಣಕ್ಕೆ ತೊಂದರೆಯಾದರೆ 2016ರ ಕಾಯ್ದೆ ಇದೆ, ಮಹಾರಾಷ್ಟ್ರದ ಅಂಗವಿಕಲರ ಆಯುಕ್ತರ ಕಚೇರಿ ಪುಣೆಯಲ್ಲೇ ಇದೆ. ಸಂಬಳದಲ್ಲಿ ಗಂಡು ಹೆಣ್ಣು ಅಂತ ಭೇದ ಮಾಡಿದರೆ, ಹೆರಿಗೆ ರಜೆ ಕೊಡದಿದ್ದರೆ ಕಾಮಗಾರ್ ಆಯುಕ್ತರ, ಅಂದರೆ ಕಾರ್ಮಿಕ ಆಯುಕ್ತರ ಕಚೇರಿಗೆ ಹೋಗಿ. ಇನ್ನು ನಿಮ್ಮ ಕನ್ನಡವನ್ನೋ ಊರನ್ನೋ ಆಡಿಕೊಂಡರು ಅನ್ನಿ. ಖಾಸಗಿ ಕಂಪನಿಯಲ್ಲಿ ಅದಕ್ಕೇ ಅಂತ ಒಂದು ಕಾಯ್ದೆ ಇಲ್ಲ, ಕಂಪನಿಯ ಸ್ವಂತ ಪಾಲಿಸಿ ಹಿಡಿದುಕೊಂಡೇ ಹೋರಾಡಬೇಕು. ಪಾಶ್‌ನಲ್ಲಿ ಗಂಡಸರಿಗೆ ದೂರು ಕೊಡಲು ಅವಕಾಶ ಇಲ್ಲ, ಅವರಿಗೂ ಕಂಪನಿ ಪಾಲಿಸಿಯೇ ಗತಿ.

ಲೈಂಗಿಕ ಕಿರುಕುಳವಾದರೆ ದಾರಿ ಸ್ಪಷ್ಟ ಇದೆ. ಹತ್ತು ಅಥವಾ ಅದಕ್ಕಿಂತ ಹೆಚ್ಚು ಜನ ಕೆಲಸ ಮಾಡುವ ಕಡೆ ಆಂತರಿಕ ಸಮಿತಿ ಇರಲೇಬೇಕು, ಅದರ ಆದೇಶವನ್ನು ಎದ್ದು ಕಾಣುವಂತೆ ಗೋಡೆಗೆ ಹಚ್ಚಿರಬೇಕು. ಸಮಿತಿಯೇ ಮಾಡದ ಮಾಲೀಕರಿಗೆ 50,000 ರೂಪಾಯಿವರೆಗೆ ದಂಡ. ದೂರನ್ನು ಸಮಿತಿಯ ಅಧ್ಯಕ್ಷೆಯ ಹೆಸರಿಗೇ ಬರೆಯಿರಿ. ಟೀ ಕುಡಿಯುವಾಗ ಎಚ್‌ಆರ್‌ ಹತ್ತಿರ ಹೇಳಿಕೊಂಡಿದ್ದು ದೂರು ಅಲ್ಲ. ಹತ್ತು ಜನಕ್ಕಿಂತ ಕಡಿಮೆ ಇರುವ ಹೋಟೆಲು, ಅಂಗಡಿ, ಕ್ಲಿನಿಕ್ ಆದರೆ, ಅಥವಾ ಕಾಟ ಕೊಡುವವನು ಮಾಲೀಕನೇ ಆದರೆ ಜಿಲ್ಲೆಯ ಸ್ಥಳೀಯ ಸಮಿತಿಗೆ ಹೋಗಬೇಕು. ಕಲೆಕ್ಟರ್ ಕಚೇರಿಯಲ್ಲಿ ವಿಚಾರಿಸಿ. ಮುಂಬೈಯವರು ಒಂದು ಗಮನಿಸಿ, ಅಲ್ಲಿ ಎರಡು ಜಿಲ್ಲೆ. ಅಂಧೇರಿ, ಮುಲುಂಡ್‌ನಲ್ಲಿ ಕೆಲಸ ಮಾಡುವವರು ಫೋರ್ಟ್‌ಗೆ ಅಲೆಯಬೇಡಿ, ನಿಮ್ಮದು ಉಪನಗರ ಜಿಲ್ಲೆ, ಕಚೇರಿ ಬಾಂದ್ರಾದಲ್ಲಿದೆ. ಕಲಬುರಗಿ, ವಿಜಯಪುರದಿಂದ ಬಂದು ಇಲ್ಲಿನ ಸೊಸೈಟಿಗಳಲ್ಲಿ ಮನೆಕೆಲಸ ಮಾಡುವ ಅಕ್ಕಂದಿರಿಗೂ ಈ ಸ್ಥಳೀಯ ಸಮಿತಿ ಇದೆ, ಇದು ಅವರಿಗೆ ಗೊತ್ತೇ ಇರುವುದಿಲ್ಲ, ದಯವಿಟ್ಟು ಹೇಳಿ. ಅವರ ದೂರು ಮೇಲ್ನೋಟಕ್ಕೆ ನಿಜ ಅನ್ನಿಸಿದರೆ ಸಮಿತಿ 7 ದಿನದೊಳಗೆ ಪೊಲೀಸರಿಗೆ ಕಳಿಸಬೇಕು. ಬರೆಯಲು ಬಾರದವರಿಗೆ ಬರೆಯಲು ನೆರವಾಗುವುದು ಸಮಿತಿಯದೇ ಕೆಲಸ. ಕೇಂದ್ರ ಸರ್ಕಾರದ ಶೀ ಬಾಕ್ಸ್ ಪೋರ್ಟಲ್‌ನಲ್ಲೂ ದೂರು ಹಾಕಬಹುದು.

ಈಗ ಬರೆಯುವ ವಿಷಯ. ಜಾಸ್ತಿ ಜನ ಎಡವುವುದು ಇಲ್ಲಿ. "ಅವರು ನನ್ನ ಜೊತೆ ಅಸಭ್ಯವಾಗಿ ನಡೆದುಕೊಳ್ಳುತ್ತಾರೆ" ಅಂತ ಬರೆದರೆ ಏನೂ ಬರೆದಂತಾಗಲಿಲ್ಲ. ಹೀಗೆ ಬರೆಯಿರಿ: "ಮಾರ್ಚ್ 12ರಂದು ಸಂಜೆ ಆರೂವರೆ ಸುಮಾರಿಗೆ, ಮೂರನೇ ಮಹಡಿಯ ಪ್ಯಾಂಟ್ರಿಯಲ್ಲಿ ನಾನು ಕಾಫಿ ತೆಗೆದುಕೊಳ್ಳುವಾಗ ಹಿಂದಿನಿಂದ ಬಂದು ನನ್ನ ಸೊಂಟ ಮುಟ್ಟಿದರು. ನಾನು ಕೈ ತಳ್ಳಿದೆ. ಬಾಗಿಲ ಹತ್ತಿರ ಇಬ್ಬರು ಸಹೋದ್ಯೋಗಿಗಳಿದ್ದರು. ಅದೇ ರಾತ್ರಿ ಹನ್ನೊಂದಕ್ಕೆ 'ಕೋಪಾನಾ?' ಅಂತ ವಾಟ್ಸಾಪ್ ಮಾಡಿದರು." ಆಡಿದ ಮಾತು ಹಿಂದಿಯಲ್ಲೋ ಮರಾಠಿಯಲ್ಲೋ ಇದ್ದರೆ ಹಾಗೇ ಬರೆಯಿರಿ, ನಾಚಿಕೆಗೆ ತಿದ್ದಬೇಡಿ. ಆಫೀಸ್ ಕ್ಯಾಬ್‌ನಲ್ಲಿ ಆಗಿದ್ದೂ ಲೆಕ್ಕಕ್ಕೆ ಬರುತ್ತದೆ. ಸ್ಕ್ರೀನ್‌ಶಾಟ್‌ನಲ್ಲಿ ನಂಬರು, ತಾರೀಖು ಕಾಣಲಿ, ಮೂಲ ಮೆಸೇಜ್ ಡಿಲೀಟ್ ಮಾಡಬೇಡಿ. ರಾಜೀನಾಮೆ ಕೊಟ್ಟ ದಿನವೇ ಲ್ಯಾಪ್‌ಟಾಪ್ ಲಾಕ್ ಆಗುತ್ತದೆ, ಅಲ್ವಾ, ಅದಕ್ಕೆ ನಿಮಗೆ ಬಂದ ಮೆಸೇಜುಗಳ ಫೋಟೋ ಮೊದಲೇ ಇಟ್ಟುಕೊಳ್ಳಿ. ಆದರೆ ಕ್ಲೈಂಟ್ ಫೈಲುಗಳನ್ನು ಮಾತ್ರ ಸ್ವಂತ ಮೇಲ್‌ಗೆ ಕಳಿಸಬೇಡಿ, ಅದನ್ನೇ ನೆಪ ಮಾಡಿ ನಿಮ್ಮನ್ನೇ ಕೆಲಸದಿಂದ ತೆಗೆಯಬಹುದು.

ಕಾಗದದಲ್ಲಿ ಕೊಡುವುದಾದರೆ ದೂರು, ದಾಖಲೆ, ಸಾಕ್ಷಿಗಳ ಹೆಸರು ವಿಳಾಸ ಎಲ್ಲ ಸೇರಿ ಆರು ಪ್ರತಿ ಬೇಕು. ನಿಮ್ಮ ಪ್ರತಿಯ ಮೇಲೆ ತಾರೀಖು ಹಾಕಿಸಿ ಸಹಿ ತೆಗೆದುಕೊಳ್ಳಿ. ಎದುರು ಪಾರ್ಟಿಗೆ 7 ಕೆಲಸದ ದಿನದಲ್ಲಿ ಪ್ರತಿ ಹೋಗುತ್ತದೆ, ಉತ್ತರಕ್ಕೆ ಅವರಿಗೆ 10 ಕೆಲಸದ ದಿನ. ವಿಚಾರಣೆ 90 ದಿನದಲ್ಲಿ ಮುಗಿಯಬೇಕು, ವರದಿ ಬಂದ 60 ದಿನದಲ್ಲಿ ಕಂಪನಿ ಕ್ರಮ ತೆಗೆದುಕೊಳ್ಳಬೇಕು. ಅಷ್ಟು ದಿನ ಅದೇ ಮನುಷ್ಯನ ಎದುರು ಕೂರುವುದು ಹೇಗೆ? ಅವರನ್ನೋ ನಿಮ್ಮನ್ನೋ ಬೇರೆ ಕಡೆ ಹಾಕಲು, 3 ತಿಂಗಳವರೆಗೆ ರಜೆ ಕೊಡಲು ಸಮಿತಿ ಶಿಫಾರಸು ಮಾಡಬಹುದು, ಆದರೆ ಕೇಳದೆ ಕೊಡುವುದಿಲ್ಲ, ಲಿಖಿತವಾಗಿ ಕೇಳಿ. ರಾಜಿಗೆ ನೀವೇ ಒಪ್ಪಬೇಕು, ದುಡ್ಡಿನ ರಾಜಿಗೆ ಕಾಯ್ದೆಯಲ್ಲಿ ಜಾಗವಿಲ್ಲ. ವಿಚಾರಣೆಗೆ ವಕೀಲರನ್ನು ತರುವಂತಿಲ್ಲ, ಇಬ್ಬರೂ ಅಷ್ಟೇ. "ಸಾಬೀತಾಗದಿದ್ದರೆ ನಿನ್ನ ಮೇಲೇ ಕೇಸ್" ಅಂತ ಸುಮ್ನೆ ಹೆದರಿಸುತ್ತಾರೆ. ಸಾಕ್ಷಿ ಸಾಲಲಿಲ್ಲ ಅನ್ನುವುದು ಸುಳ್ಳು ದೂರು ಅಲ್ಲ, ಕಾಯ್ದೆಯಲ್ಲೇ ಹಾಗಿದೆ.

ಇದರ ಜೊತೆಗೇ ಪೊಲೀಸರ ಹತ್ತಿರವೂ ಹೋಗಬಹುದು, ಭಾರತೀಯ ನ್ಯಾಯ ಸಂಹಿತೆಯ 75ನೇ ಸೆಕ್ಷನ್ ಇದಕ್ಕೇ ಇರುವುದು. ಘಟನೆ ಬೇರೆ ಸ್ಟೇಷನ್ ವ್ಯಾಪ್ತಿಯಲ್ಲಾದರೂ ಎಫ್‌ಐಆರ್ ತೆಗೆದುಕೊಳ್ಳಬೇಕು. ಇಲ್ಲಿ ಅದು ಮರಾಠಿಯಲ್ಲಿರುತ್ತದೆ, ಓದಿ ಹೇಳಿಸಿಕೊಂಡು ಆಮೇಲೆ ಸಹಿ ಹಾಕಿ, ಪ್ರತಿ ಉಚಿತ. ವಕೀಲರ ಫೀಸಿಗೆ ಹೆದರಿ ಹಿಂದೆ ಸರಿಯುವವರಿಗೆ ಒಂದು ಮಾತು: ಹೆಂಗಸರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ, ಅಂಗವಿಕಲರಿಗೆ ಆದಾಯ ಎಷ್ಟೇ ಇದ್ದರೂ ಸರ್ಕಾರಿ ಕಾನೂನು ನೆರವು ಸಿಗುತ್ತದೆ. ಪುಣೆಯಲ್ಲಿ ಶಿವಾಜಿನಗರ ಕೋರ್ಟ್ ಆವರಣದ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, ಅಥವಾ 15100ಕ್ಕೆ ಫೋನ್ ಮಾಡಿ.